ಪೆನ್ಸಿಲ್ ಹಚ್ಚಿದ ಮುಖ

"ಒಳಗ ಕುಂತು ರಿಟಚ್ ಮಾಡ್ತಾನಲ್ರಿ ನಿಮ್ಮ ಮುದುಕ, ಅವಗೊಂದು ಮಾತು ಹೇಳ್ರಿ. ನನ್ನ ಫೋಟೋಕ್ಕ ಪೆನ್ಸಿಲ್ ಹಚ್ಚಬ್ಯಾಡ ಅಂತ."

ಪರದೆಯ ಹಿಂದೆ ಕುಳಿತಿದ್ದ ನನ್ನ ಕೈ ತಡೆಯಿತು. ಮುದುಕ ಎಂದರೆ ನಾನೇ. ಇಪ್ಪತ್ತೆರಡು ವರ್ಷದ ಸೂಗಮ್ಮ.

ಅದು ಎಪ್ಪತ್ತೊಂಬತ್ತನೇ ಇಸವಿ. ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಸಣ್ಣ ಸ್ಟುಡಿಯೋ. ಗಂಡ ತೀರಿಕೊಂಡ ಮೇಲೆ ಅನ್ವರಿ ಬೇಗಂ ಅದನ್ನು ನಡೆಸುತ್ತಿದ್ದರು. ನಾನು ಅವರನ್ನು ಚಿಕ್ಕಮ್ಮನಂತೆ ಖಾಲಾ ಎನ್ನುತ್ತಿದ್ದೆ. ನಮ್ಮಪ್ಪ ಗೂಡ್ಸ್ ಶೆಡ್ಡಿನಲ್ಲಿ ಹಮಾಲ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಖಾಲಾ ಕರೆದು ಕೂರಿಸಿಕೊಂಡು ರಿಟಚಿಂಗ್ ಕಲಿಸಿದರು. ಓರೆ ಮೇಜಿನ ನಡುವೆ ಗಾಜು, ಗಾಜಿನ ಮೇಲೆ ನೆಗೆಟಿವ್, ಕೆಳಗಿನ ಕನ್ನಡಿಯಿಂದ ಚಿಮ್ಮುವ ಕಿಟಕಿಯ ಬೆಳಕು. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ನೆಗೆಟಿವ್ ಮೇಲೆ ಪುಟ್ಟ ಪುಟ್ಟ ಗೀರು ಎಳೆದರೆ ಸಾಕು, ಪ್ರಿಂಟಿನಲ್ಲಿ ಸುಕ್ಕು, ಕಪ್ಪು ಕಲೆ, ಸಿಡುಬಿನ ಗುಳಿ ಎಲ್ಲವೂ ಮಾಯ.

ಖಾಲಾ ನಕ್ಕದ್ದು ಕೇಳಿಸಿತು. "ನೀವಽ ಹೇಳ್ರಿ. ಅಲ್ಲೇ ಕುಂತಾನ."

ಪರದೆ ಸರಿಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಫಿಲ್ಮ್ ರೋಲು, ಬೆರಳ ತುದಿಗಳಲ್ಲಿ ನೇರಳೆ ಬಣ್ಣದ ಕಲೆ. ಅವನು ನನ್ನನ್ನು ನೋಡಿದ, ನನ್ನ ಹಿಂದಿನ ಗೋಡೆ ನೋಡಿದ, ಮೇಜಿನ ಕೆಳಗೂ ಒಮ್ಮೆ ನೋಡಿದ.

"ಮುದುಕ ಕೇಳಿಸ್ಕೊಂಡಾನ್ರಿ," ಎಂದೆ. "ಇನ್ನೇನರ ಹೇಳೋದದ ಏನು?"

ಅವನ ಕಿವಿ ಕೆಂಪಾಯಿತು. "ಇಲ್ರಿ. ಅಷ್ಟಽ."

ಹಾಗೆ ನನ್ನ ಬದುಕಿಗೆ ಬಂದವನು ಹಂಪಯ್ಯ. ದೇವದುರ್ಗದ ಸರ್ಕಾರಿ ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಮಲೇರಿಯಾ ಜ್ವರದವರ ರಕ್ತವನ್ನು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು ಅವನ ಕೆಲಸ. ನೋಡಿದ ಸ್ಲೈಡುಗಳನ್ನು ಮರುಪರೀಕ್ಷೆಗೆ ಎರಡು ವಾರಕ್ಕೊಮ್ಮೆ, ಗುರುವಾರ, ರಾಯಚೂರಿನ ಕಚೇರಿಗೆ ತರುತ್ತಿದ್ದ. ಫೋಟೋ ಅವನ ಹವ್ಯಾಸ. ಹಳೆಯ ಡಬ್ಬಿ ಕ್ಯಾಮೆರಾ ಒಂದಿತ್ತು. ರೋಲು ನಮ್ಮಲ್ಲಿಗೆ ಬರುತ್ತಿತ್ತು.

ಎರಡನೇ ಗುರುವಾರ ಅವನು ಪರದೆಯ ಹತ್ತಿರ ನಿಂತು ಕೆಮ್ಮಿದ. ಮೂರನೇ ಗುರುವಾರ ಕೆಮ್ಮಲಿಲ್ಲ, ಸ್ಟೂಲು ಎಳೆದುಕೊಂಡು ಕುಳಿತ.

"ಹವ್ಯಾಸಕ್ಕ ಫೋಟೋ ತಗಿಯೋರಿಗೆ ಇದೆಲ್ಲ ಯಾಕ ಬೇಕ್ರಿ? ಒಂದು ಕ್ಯಾಮೆರಾ, ಎರಡು ಕಣ್ಣು. ಸಾಕು," ಎಂದ ನನ್ನ ಪೆನ್ಸಿಲ್ ನೋಡುತ್ತಾ.

"ಕಣ್ಣಾಗ ಕಸ ಬಿದ್ರ ತಕ್ಕೋತೀರೋ ಇಲ್ಲೋ? ನೆಗೆಟಿವಿಗೂ ಧೂಳ ಕೂಡ್ತದ, ಗೀರು ಬೀಳ್ತದ. ಅದನ್ನ ತಗಿಯೋದರ ಕಲೀರಿ. ನಾನು ಕಲಿಸ್ತೀನಿ."

"ಇವತ್ತು ಧೂಳ ಅಂತೀರಿ. ನಾಳಿ ಮೂಗು ಸೊಟ್ಟ ಅದ ಅಂತೀರಿ."

"ಅದಽ ಖರೇ. ಸೊಟ್ಟ ಅದ," ಎಂದು ಅವನ ಮೂಗನ್ನು ನೋಡಿದೆ. ಅವನು ಥಟ್ಟನೆ ಮೂಗು ಮುಟ್ಟಿಕೊಂಡ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚುತ್ತಿತ್ತು. ಅದನ್ನು ಅಂದು ಕಂಡೆ. ಆಮೇಲೆ ಅದನ್ನು ಕಾಣಲೆಂದೇ ಅವನನ್ನು ನಗಿಸುತ್ತಿದ್ದೆ.

ನಗು ನಿಂತ ಮೇಲೆ ಅವನು ಮೆಲ್ಲಗೆ ಹೇಳಿದ: "ಸ್ಲೈಡಿನ್ಯಾಗ ಏನದ ಅಷ್ಟಽ ಬರೀತೀನ್ರಿ ನಾನು. ಇದ್ದದ್ದು ಬಿಟ್ರ ಒಂದು ಜೀವ ಹೋಗ್ತದ. ಅದಕ್ಕಽ ನನಗ ಪೆನ್ಸಿಲ್ ಅಂದ್ರ ಆಗೂದಿಲ್ಲ."

ಆ ಮಾತು ನನಗೆ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎಂದು ಹೇಳಿಕೊಂಡು ತಪ್ಪಿಸಿಕೊಳ್ಳಲಾರೆ.

ಅವನ ಫೋಟೋಗಳಲ್ಲಿ ನಾನು ಮೊದಲ ಸಲ ಪೆನ್ಸಿಲ್ ಮುಟ್ಟಿಸಿದ್ದು ಒಂದು ಮೇಕೆಯ ಚಿತ್ರಕ್ಕೆ. ದೇವದುರ್ಗದ ಗುಡ್ಡದ ಬಂಡೆಯ ಮೇಲೆ ನಿಂತ ಮೇಕೆ, ಹಿಂದೆ ಬರೀ ಆಕಾಶ. ಎಷ್ಟು ಚೆಂದದ ಚಿತ್ರ! ಆದರೆ ಫಿಲ್ಮಿನ ಮೇಲೆ ಬಿದ್ದ ಗೀರೊಂದು ಆಕಾಶವನ್ನು ತಂತಿಯಂತೆ ಸೀಳಿತ್ತು. ಹತ್ತು ನಿಮಿಷದ ಕೆಲಸ. ತುಂಬಿಬಿಟ್ಟೆ.

ಪ್ರಿಂಟು ನೋಡಿ ಅವನು ಕುಣಿಯುವುದೊಂದು ಬಾಕಿ. "ನೋಡಿದ್ರೇನು? ಒಂದು ಗೀರಿಲ್ಲ, ಒಂದು ಚುಕ್ಕಿ ಇಲ್ಲ! ಪೆನ್ಸಿಲ್ ಮುಟ್ಟಿಲ್ಲ, ಹೆಂಗ ಬಂದದ!"

ಆಗಲೇ ಹೇಳಬೇಕಿತ್ತು. ಅವನ ಎಡಗಣ್ಣು ಮುಚ್ಚುತ್ತಿತ್ತು. "ಹೌದ್ರಿ, ಚೊಲೋ ಬಂದದ," ಎಂದೆ.

ಒಂದು ಸುಳ್ಳು ಹೇಳಿದವಳಿಗೆ ಎರಡನೆಯದು ಹಗುರ. ಮುಂದಿನ ರೋಲಿನಲ್ಲಿ ಮಡಿಕೆ ಮಾರುವವಳ ಕಣ್ಣ ಕೆಳಗಿನ ಕಪ್ಪು ತೆಗೆದೆ. ಅದರ ಮುಂದಿನದರಲ್ಲಿ ಕಲ್ಮಲದ ಒಬ್ಬ ಅಜ್ಜನ ಕೆನ್ನೆಯ ಗುಳಿ ತುಂಬಿದೆ. ಹಂಪಯ್ಯ ಪ್ರತಿ ಸಲವೂ ಬೀಗುತ್ತಿದ್ದ. ಆ ಸಂತೋಷವನ್ನು ನಾನೇ ಮಾಡಿ ನಾನೇ ಕೊಟ್ಟಂತೆ ನನಗೊಂದು ಗುಟ್ಟಿನ ಹಿಗ್ಗು. ಅದಕ್ಕೆ ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದೆ. ರಾತ್ರಿ ಮಲಗುವಾಗ ಮಾತ್ರ ಎದೆಯಲ್ಲಿ ಏನೋ ಚುಚ್ಚುತ್ತಿತ್ತು.

ಖಾಲಾ ಎಲ್ಲ ನೋಡುತ್ತಿದ್ದರು. "ಅವ ಬ್ಯಾಡಂದ ಮ್ಯಾಲ ನಕ್ಕೋ ಬೇಟಿ, ಹಚ್ಚಬ್ಯಾಡ," ಎಂದರು ಒಂದು ದಿನ. "ಕೇಳಿದವರಿಗೆ ಹಚ್ಚಿದ್ರ ಕಸಬು. ಕೇಳದವರಿಗೆ ಹಚ್ಚಿದ್ರ ಚೋರಿ."

ನಾನು ಕೇಳಿಸದವಳಂತೆ ಪೆನ್ಸಿಲ್ ಚೂಪು ಮಾಡುತ್ತಾ ಕುಳಿತೆ.

ದೀಪಾವಳಿಗೆ ಮುಂಚೆ ಅವನೊಂದು ರೋಲು ತಂದ. ಎಂದಿನಂತೆ ಖಾಲಾ ಕೈಗೆ ಕೊಡದೆ ನನ್ನ ಮೇಜಿನ ಮೇಲಿಟ್ಟ. "ನಮ್ಮವ್ವಂದು. ನಮ್ಮೂರು ಪೋತ್ನಾಳದ ಕಾಲುವಿ ಏರಿ ಮ್ಯಾಲ ನಿಂದ್ರಿಸಿ ತಗದೀನಿ. ಆಕಿ ಹುಟ್ಟಿದಾಗಿಂದ ಒಂದು ಫೋಟೋ ತಗಿಸ್ಕೊಂಡಿಲ್ಲ. ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಡ್ರಿ."

"ಯಾವಾಗ ಬೇಕ್ರಿ?"

"ಈ ಐತಾರ ಬಿಟ್ಟು ಮುಂದಿನ ಐತಾರ. ನೀವೂ ಬರ್ರಿ. ಬೇಗಂ ಅವರನ್ನೂ ಕರ್ಕೊಂಡು."

"ನಾವ್ಯಾಕ್ರಿ?"

ಅವನು ನೇರಳೆ ಬೆರಳನ್ನು ಮೇಜಿನ ಅಂಚಿಗೆ ಉಜ್ಜುತ್ತಾ ನಿಂತ. "ಅವ್ವ ಕೇಳಾಕತ್ಯಾಳ. ಎರಡು ವಾರಕ್ಕೊಮ್ಮೆ ರಾಯಚೂರಿಗೆ ಹೋಗಿ ಬಂದಾವ ಒಬ್ಬನಽ ಯಾಕ ನಗ್ತಿ ಅಂತ."

ನನ್ನ ಮುಖ ಬಿಸಿಯಾಯಿತು. ನೋಡಲು ಕೈಯಲ್ಲಿ ನೆಗೆಟಿವ್ ಸಹ ಇರಲಿಲ್ಲ. ಬರಿ ಗಾಜನ್ನೇ ನೋಡುತ್ತಾ ಕುಳಿತೆ.

ರೋಲು ತೊಳೆದಾಗ ಅವನ ತಾಯಿ ಕರೆಮ್ಮನವರನ್ನು ಮೊದಲ ಬಾರಿಗೆ ಕಂಡೆ. ನಟ್ಟನಡು ಮಧ್ಯಾಹ್ನದ ಬಿಸಿಲು. ಗದ್ದೆ ನಾಟಿ ಮಾಡಿ ಮಾಡಿ ಸೀದ ಮುಖ, ಉಕ್ಕೆ ಹೊಡೆದ ಹೊಲದಂತೆ ಸುಕ್ಕು. ಹುಬ್ಬುಗಳ ನಡುವೆ ಒಂದು ಹಚ್ಚೆಯ ಗೆರೆ, ಗದ್ದದ ಮೇಲೆ ಮೂರು ಚುಕ್ಕೆ.

ಅವರು ತಮ್ಮನ್ನು ಚೆಂದವಾಗಿ ನೋಡಿಕೊಳ್ಳಲಿ ಎಂದುಕೊಂಡೆ. ನೋಡಿಕೊಂಡು, ಆ ಖುಷಿಯಲ್ಲಿ ನನ್ನನ್ನು ಒಪ್ಪಲಿ ಎಂದುಕೊಂಡೆ. ನಾಲ್ಕು ದಿನ ಕುಳಿತೆ. ಸುಕ್ಕು ತುಂಬಿದೆ. ಆಗ ಪೇಟೆಗೆ ಬರುವ ಹೆಣ್ಣುಮಕ್ಕಳು ಹಚ್ಚೆ ತೆಗೆಯಿರಿ ಎಂದು ತಾವಾಗಿ ಕೇಳುತ್ತಿದ್ದರು. ಅದೇ ರೂಢಿಯಲ್ಲಿ ನನ್ನ ಕೈ ಹಣೆಯ ಗೆರೆಯನ್ನೂ ಗದ್ದದ ಚುಕ್ಕೆಗಳನ್ನೂ ತುಂಬಿತು. ಪ್ರಿಂಟು ಬಂದಾಗ ನನಗೇ ಬೆರಗು. ಇಪ್ಪತ್ತು ವರ್ಷ ಚಿಕ್ಕವರಾಗಿದ್ದರು.

ಕಟ್ಟು ಹಾಕಿಸಿ, ಕಾಗದ ಸುತ್ತಿ, ದಾರ ಬಿಗಿದೆ. ಭಾನುವಾರ ನಮ್ಮನ್ನು ಕರೆದೊಯ್ಯಲು ರಾಯಚೂರಿಗೆ ಬಂದ ಅವನು ಬಸ್ ಸ್ಟ್ಯಾಂಡಿನಲ್ಲೇ ಬಿಚ್ಚಲು ಹೋದಾಗ ಕೈ ಹಿಡಿದು ತಡೆದೆ. "ಅವ್ವನ ಮುಂದಽ ಬಿಚ್ಚರಿ."

ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಮೊದಲ ಸ್ಪರ್ಶ ಅದು. ಅದರಲ್ಲೂ ಮೋಸವಿತ್ತು.

ಪೋತ್ನಾಳದಲ್ಲಿ ಮನೆಯ ಮುಂದೆ ಸಾರಿಸಿ ಚಾಪೆ ಹಾಸಿದ್ದರು. ಅಕ್ಕಪಕ್ಕದ ಹೆಂಗಸರೂ ಸೇರಿದ್ದರು. ಹಂಪಯ್ಯ ದಾರ ಕಿತ್ತ. ಕರೆಮ್ಮ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು.

"ಚಂದದಾಳ," ಎಂದರು. ಆಮೇಲೆ, "ಯಾರಪಾ ಇಕಿ?"

ಎಲ್ಲರೂ ನಕ್ಕರು. "ನೀನಽ ಬೇ!" ಎಂದಳು ಒಬ್ಬಳು.

ಕರೆಮ್ಮ ನಗಲಿಲ್ಲ. ಗಾಜಿನ ಮೇಲೆ ಬೆರಳಾಡಿಸಿದರು. ಹುಬ್ಬಿನ ನಡುವೆ, ಆಮೇಲೆ ಗದ್ದದ ಮೇಲೆ. "ನನ್ನ ಹಚ್ಚಿ ಎಲ್ಲಿ ಹೋದವು?"

ಹಂಪಯ್ಯ ಬಗ್ಗಿ ನೋಡಿದ. ಅವನ ಮುಖದ ಬಣ್ಣ ಇಳಿಯಿತು.

"ನಾನು ಶರಣಮ್ಮ ಕೂಡಿ ಹಾಕಿಸ್ಕೊಂಡಿದ್ವಿ," ಎಂದರು ಕರೆಮ್ಮ, ನನ್ನ ಕಡೆ ತಿರುಗಿ, ತಿಳಿಯದವಳಿಗೆ ತಿಳಿಸುವಂತೆ. "ನನ್ನ ತಂಗಿ. ಒಂದಽ ದಿನ, ಒಂದಽ ಸೂಜಿ. ಅದರ ಹಿಂದಽ ಆಕಿ ಜ್ವರ ಬಂದು ಹೋದ್ಲು. ಕನ್ನಡಿ ನೋಡಿದ್ರ ಆಕೀನೂ ಕಾಣ್ತಾಳ ನನಗ. ಇದರಾಗ ಆಕಿ ಇಲ್ಲ."

ಖಾಲಾ ನನ್ನನ್ನು ನೋಡಿದರು. ಹೇಳು, ಈಗಲೇ ಹೇಳು ಎಂದು ನನ್ನೊಳಗೆ ಯಾರೋ ಗುದ್ದುತ್ತಿದ್ದರು.

ಅಷ್ಟರಲ್ಲಿ ಹಂಪಯ್ಯ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. "ನನ್ನ ತಪ್ಪು ಯವ್ವಾ. ಉರಿ ಬಿಸಲಾಗ ನಿಂದ್ರಿಸಿದೆ. ಬೆಳಕು ಹೆಚ್ಚಾಗಿ ಹಚ್ಚಿ ತಿಂದಬಿಟ್ಟದ. ನನಗ ಫೋಟೋ ತಗಿಯಾಕ ಬರೂದಿಲ್ಲ."

ಅವನು ನನ್ನ ತಪ್ಪನ್ನು ಹೊತ್ತು ತಾಯಿಯ ಕಾಲ ಬಳಿ ಕುಳಿತಿದ್ದಾಗ ನಾನು ಸೆರಗಿನ ಅಂಚು ಸುತ್ತುತ್ತಾ ಸುಮ್ಮನಿದ್ದೆ. ಕರೆಮ್ಮ ನನಗೆ ಊಟ ಬಡಿಸಿದರು, ಹೊರಡುವಾಗ ಕುಬಸದ ಕಣದ ಬಟ್ಟೆ ಕೊಟ್ಟು ಹಣೆಗೆ ಕುಂಕುಮ ಇಟ್ಟರು. ಅದನ್ನೂ ಇಡಿಸಿಕೊಂಡೆ.

ಆಮೇಲೆ ಎರಡು ಗುರುವಾರ ಅವನು ಬರಲಿಲ್ಲ. ಮೂರನೆಯದಕ್ಕೂ ಇಲ್ಲ, ಡಿಸೆಂಬರ್ ಕಳೆದರೂ ಇಲ್ಲ. ಜನವರಿಯಲ್ಲಿ ಬಂದಾಗ ಕೈಯಲ್ಲಿ ರೋಲು ಇರಲಿಲ್ಲ. ಸ್ಟೂಲಿನ ಮೇಲೆ ಕುಳಿತವನು ನನ್ನ ಮುಖ ನೋಡಲಿಲ್ಲ.

"ಕ್ಯಾಮೆರಾ ಕಂಪೌಂಡರಗ ಕೊಟ್ಟಬಿಟ್ಟೆ. ಲ್ಯಾಬಿನ ಕೆಲಸಾನೂ ಬ್ಯಾಡಂತ ಸಾಹೇಬ್ರಿಗೆ ಬರದು ಕೊಟ್ಟೀನಿ."

"ಅದ್ಯಾಕ್ರಿ?"

"ಮೈಕ್ರೋಸ್ಕೋಪಿನ ಕನ್ನಡಿ ತಿರುವಿ ಬೆಳಕು ಇಡಾವ ನಾನಽ ಅಲ್ಲೇನ್ರಿ? ಹೆತ್ತವ್ವನ ಮುಖದ ಹಚ್ಚಿ ಬೆಳಕಿನ್ಯಾಗ ಕಳಕೊಂಡಾವ, ರಕ್ತದಾಗಿನ ಹುಳ ಎಷ್ಟು ಕಳಕೊಂಡೀನೋ! ಒಂದೊಂದು ಸ್ಲೈಡು ನಾಕು ಸಲ ನೋಡಾಕತ್ತೀನಿ. ಆದ್ರೂ ನಂಬಿಕಿ ಬರವಲ್ದು. ಜ್ವರದ ಮಂದಿ ಬಾಗಿಲಾಗ ಕುಂತಿರ್ತಾರ, ನನ್ನ ರಿಪೋರ್ಟು ಮುಗಿಯಂಗಿಲ್ಲ."

ಅವನು ಎದ್ದು ಹೋದ. ನಾನು ಅವನ ಹೆಸರು ಹಿಡಿದು ಕೂಗಲೂ ಇಲ್ಲ.

ಖಾಲಾ ಪರದೆ ಸರಿಸಿ ಒಳಗೆ ಬಂದರು. ಅವರು ಗದರಿದ್ದು ನಾನು ಕಂಡದ್ದು ಅದೊಂದೇ ಸಲ. "ಇನ್ನೂ ಸುಮ್ಮ ಕುಂತಿ ಅಂದ್ರ, ಬೇಟಿ, ನಾನು ನಿನಗ ಕಲಿಸಿದ್ದೆಲ್ಲ ಹರಾಮು."

ಮರುದಿನ ಬೆಳಗಿನ ಮೊದಲ ಬಸ್ಸು ಹಿಡಿದು ದೇವದುರ್ಗಕ್ಕೆ ಹೋದೆ. ಕೈಚೀಲದಲ್ಲಿ ಕರೆಮ್ಮನವರ ನೆಗೆಟಿವ್, ಟರ್ಪೆಂಟೈನಿನ ಸಣ್ಣ ಬಾಟಲಿ, ಹತ್ತಿ.

ದವಾಖಾನೆಯ ಕೊನೆಯ ಕೋಣೆ. ಬಾಗಿಲ ಹೊರಗೆ ಕಂಬಳಿ ಹೊದ್ದ ನಾಲ್ಕೈದು ಜನ. ಹಂಪಯ್ಯ ಮೈಕ್ರೋಸ್ಕೋಪಿನಿಂದ ತಲೆ ಎತ್ತಿದ. ನನ್ನನ್ನು ಕಂಡು ಅವನ ಕಣ್ಣಲ್ಲಿ ಒಂದು ಬೆಳಕು ಬಂತು. ಅದನ್ನು ನಾನೇ ಆರಿಸಬೇಕಿತ್ತು.

"ನಿಮ್ಮ ಕ್ಯಾಮೆರಾದ್ದು ತಪ್ಪಿಲ್ರಿ," ಎಂದೆ, ನಿಂತೇ. "ಬೆಳಕಿಂದೂ ತಪ್ಪಿಲ್ಲ. ಅವ್ವನ ಹಚ್ಚಿ ನಾನು ಅಳಿಸೀನಿ. ಪೆನ್ಸಿಲ್ ಹಚ್ಚಿ."

ಅವನಿಗೆ ತಿಳಿಯಲಿಲ್ಲ. ನೆಗೆಟಿವ್ ಅವನ ಮುಂದಿಟ್ಟೆ. ಅವನು ಅದನ್ನು ಎತ್ತಿ, ಸ್ಲೈಡಿನ ಜಾಗದಲ್ಲಿ ಇಟ್ಟು, ಕಣ್ಣು ಹಚ್ಚಿ ಕನ್ನಡಿ ತಿರುವಿದ. ಬಹಳ ಹೊತ್ತು ನೋಡಿದ. ನನ್ನ ಗೀರುಗಳು ಅಲ್ಲಿ ಎಷ್ಟು ದಪ್ಪಗೆ ಕಂಡವೋ ನಾನು ಬಲ್ಲೆ.

"ಇರಿವಿ ಸಾಲು ಇದ್ದಂಗ ಅದಾವ," ಎಂದ, ತಲೆ ಎತ್ತದೆ.

ಹತ್ತಿಗೆ ಟರ್ಪೆಂಟೈನ್ ಅದ್ದಿ ಅವನ ಕಣ್ಣ ಮುಂದೆಯೇ ಒರೆಸಿದೆ. ಗದ್ದದ ಮೂರು ಚುಕ್ಕೆ ಬಂದವು. ಹುಬ್ಬಿನ ನಡುವಿನ ಗೆರೆ ಬಂತು. ಸುಕ್ಕುಗಳೆಲ್ಲ ಒಂದೊಂದಾಗಿ ತಮ್ಮ ಜಾಗಕ್ಕೆ ಬಂದವು.

"ಪೂರಾ ಬಂತೇನು?" ಎಂದು ಕೇಳಿದ.

ಹೌದು ಎಂದಿದ್ದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ. "ಇಲ್ರಿ. ಹಣಿ ಮ್ಯಾಲ ಗಾಳಿಗೆ ಹಾರಿದ್ದ ಬಿಳಿ ಕೂದಲಿದ್ದವು. ಅವನ್ನ ಬ್ಲೇಡಿನಿಂದ ಕೆರದು ತಗದೀನಿ. ಅವು ಇನ್ನ ಬರೂದಿಲ್ಲ."

ಅವನು ಕಣ್ಣು ಮುಚ್ಚಿಕೊಂಡ. "ಮ್ಯಾಕಿ ಫೋಟೋ?"

"ಅದೂ."

"ಕಲ್ಮಲದ ಅಜ್ಜ?"

"ಎಲ್ಲಾ. ನೀವು ಕೊಟ್ಟದ್ದೆಲ್ಲಾದಕ್ಕೂ."

ಹೊರಗೆ ಯಾರೋ ಕೆಮ್ಮಿದರು. ಹಂಪಯ್ಯ ಬಹಳ ಮೆತ್ತಗೆ ಮಾತಾಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಪೋತ್ನಾಳದಾಗ ನೀವು ನನ್ನ ಬಾಜೂಕಽ ಕುಂತಿದ್ರಿ."

"ಹೌದ್ರಿ."

"ನಾನು ಅವ್ವನ ಮುಂದ ತಪ್ಪು ಒಪ್ಪಿಕೊಳ್ಳೋದು ನೋಡಿದ್ರಿ."

"ನೋಡಿದೆ. ನಿಮಗ ಬ್ಯಾಸರಾದೀತು ಅಂತ ಅಲ್ಲ. ನೀವು ನನ್ನ ಬಿಟ್ಟ ಹೋದೀರಿ ಅಂತ ಅಂಜಿ ಸುಮ್ಮನಿದ್ದೆ. ಅಷ್ಟು ಮನಸಿಟ್ಟೀನಿ ನಿಮ್ಮ ಮ್ಯಾಲ. ಈ ಮಾತು ಬ್ಯಾರೆ ಹೊತ್ತಿನ್ಯಾಗ ಹೇಳಬೇಕಂದಿದ್ದೆ."

ಅವನು ಸ್ಲೈಡಿನ ಪೆಟ್ಟಿಗೆ ಹತ್ತಿರ ಎಳೆದುಕೊಂಡ. ನಾನು ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದ: "ನನಗ ಹೇಳಿದ್ರಿ. ಅವ್ವಗ ಯಾರು ಹೇಳ್ತಾರ?"

ಒಂದು ವಾರ ಬಿಟ್ಟು, ಭಾನುವಾರ, ಒಬ್ಬಳೇ ಪೋತ್ನಾಳಕ್ಕೆ ಹೋದೆ. ಹೊಸ ಪ್ರಿಂಟು ನಾನೇ ಮಾಡಿದ್ದೆ. ಕಾಲುವೆ ನೀರಿಗೆ ಎರಡನೇ ಬೆಳೆಯ ನಾಟಿ ನಡೆದಿತ್ತು. ಕರೆಮ್ಮ ಸಾಲಿನಲ್ಲಿ ಬಗ್ಗಿ ಸಸಿ ಊರುತ್ತಿದ್ದರು. ನನ್ನನ್ನು ನೋಡಿ ಬದುವಿಗೆ ಬಂದು, ಕೆಸರಿನ ಕೈ ನೀರಲ್ಲಿ ಅಲುಬಿಕೊಂಡರು.

ಎಲ್ಲ ಹೇಳಿದೆ. ಹೇಳುತ್ತಾ ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಅಳು ಮುಗಿಯುವವರೆಗೆ ಕಾದರು.

"ಹಚ್ಚಿ ಅಳಿಸಿದ್ದು, ತಿಳೀಲಾರದ ಮಾಡಿದಿ. ಅದಕ್ಕ ನನಗೇನಿಲ್ಲ," ಎಂದರು. "ನನ್ನ ಮಗ ಮಣ್ಣಾಗ ಕುಂತು ನನ್ನ ತಪ್ಪು ನನ್ನ ತಪ್ಪು ಅಂದ. ಆವಾಗ ನೀ ಬಾಯಿ ಬಿಡಲಿಲ್ಲ. ನನಗ ಸಿಟ್ಟಿರೋದು ಅದಕ್ಕ."

"ಹೌದ್ರಿ ಯವ್ವಾ."

"ಅವಗ ಹೇಳಿದಿ?"

"ಹೇಳೀನ್ರಿ."

"ಏನಂದ?"

"ಅವ್ವಗ ಯಾರು ಹೇಳ್ತಾರ ಅಂದ್ರು. ಅಷ್ಟಽ."

"ಹೆಚ್ಗಿ ಮಾತಾಡಂಗಿಲ್ಲ ಅವ, ಬ್ಯಾನಿ ಆದ್ರ. ಅವರಪ್ಪನೂ ಹಂಗಽ ಇದ್ದ." ಹೊಸ ಫೋಟೋ ಕೈಗೆ ತೆಗೆದುಕೊಂಡರು. ಸುಕ್ಕು, ಕಪ್ಪು, ಹಚ್ಚೆ. ಬಹಳ ಹೊತ್ತು ನೋಡಿ, "ಬಂದಾಳ," ಎಂದರು. ಯಾರು ಎಂದು ನಾನು ಕೇಳಲಿಲ್ಲ.

ಆಮೇಲೆ ನನ್ನ ಸೀರೆಯ ಅಂಚು ನೋಡಿ, "ಎತ್ತಿ ಕಟ್ಟು. ಇನ್ನೂ ನಾಕು ಸಾಲು ಅದಾವ," ಎಂದು ಸಸಿಯ ಕಟ್ಟೊಂದನ್ನು ನನ್ನತ್ತ ಎಸೆದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಸಂಜೆಯವರೆಗೆ ಅವರ ಪಕ್ಕದಲ್ಲಿ ನಾಟಿ ಮಾಡಿದೆ. ನನ್ನ ಸಾಲು ಸೊಟ್ಟಗಿತ್ತು. ಕಿತ್ತು ಮತ್ತೆ ಊರಿಸಿದರು.

ಹೊತ್ತು ಇಳಿಯುವಾಗ ಏರಿಯ ಮೇಲೆ ಹಂಪಯ್ಯ ನಿಂತಿದ್ದ. ರಜೆಗೆ ಊರಿಗೆ ಬಂದವನು ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ. ಕೈಕಾಲು ತೊಳೆದು ನಾನು ರಸ್ತೆಯತ್ತ ಹೊರಟಾಗ ಜೊತೆಗೆ ನಡೆದ. ಒಂದು ಮಾರು ದೂರ ಬಿಟ್ಟು.

"ಸಿಟ್ಟು ಇನ್ನೂ ಹೋಗಿಲ್ರಿ," ಎಂದ.

"ಗೊತ್ತದ."

"ಆದ್ರ ಸಾಹೇಬ್ರಿಗೆ ಕೊಟ್ಟ ಅರ್ಜಿ ಹೊಳ್ಳಿ ತಗೊಂಡೆ. ಕ್ಯಾಮೆರಾನೂ ಇಸ್ಕೊಂಡೆ." ಸ್ವಲ್ಪ ದೂರ ನಡೆದು, "ಆ ಪೆನ್ಸಿಲ್ ಕೆಲಸ ನನಗ ಕಲಿಸ್ರಿ," ಎಂದ.

ನಿಂತುಬಿಟ್ಟೆ. "ನಿಮಗದು ಬ್ಯಾಡಂತಿದ್ರಿ."

"ಹಚ್ಚಾಕ ಅಲ್ಲ. ಹಚ್ಯಾರೋ ಇಲ್ಲೋ ನೋಡಿದ ಕೂಡ್ಲೇ ತಿಳೀಬೇಕಲ್ರಿ ನನಗ. ನನ್ನ ಫೋಟೋದಾಗ ನಂದೆಷ್ಟು, ಮಂದೀದೆಷ್ಟು ಅಂತ. ತಿಳೀಲಾರದ ಬ್ಯಾಡನ್ನೋದು ದೊಡ್ಡಸ್ತನ ಅಲ್ಲ."

"ಕಲಿಸ್ತೀನಿ. ಎಷ್ಟು ದಿನ ಹಿಡೀತದೋ."

"ಸಿಟ್ಟು ಹೋಗೂತನಕ ಬರ್ತೀನಿ."

"ಹೋದ ಮ್ಯಾಲ?"

ಅವನು ನನ್ನನ್ನು ನೋಡಿದ. ದವಾಖಾನೆಯಲ್ಲಿ ನಿಜ ಹೇಳಿದ ಮೇಲೆ ಮೊದಲ ಸಲ ನೇರವಾಗಿ. ನಗಲಿಲ್ಲ. "ಆಮ್ಯಾಲೂ ಬರ್ತೀನಿ. ಒಂದಽ ಮಾತು. ನನಗ ನೋವಾಗ್ತದಂತ ಇನ್ನೊಮ್ಮೆ ಏನೂ ಮುಚ್ಚಬ್ಯಾಡ್ರಿ."

"ಇಲ್ರಿ," ಎಂದೆ.

ರಾಯಚೂರಿನ ಬಸ್ಸು ಧೂಳೆಬ್ಬಿಸುತ್ತಾ ಬಂದು ನಿಂತಿತು. ಹತ್ತಿ ಕಿಟಕಿಯ ಪಕ್ಕ ಕುಳಿತೆ. ತಿರುಗಿ ನೋಡಿದರೆ ಅವನೂ ಹತ್ತಿ ಬರುತ್ತಿದ್ದ.

"ನಾಳಿ ನಿಮ್ಮ ಡ್ಯೂಟಿ ದೇವದುರ್ಗದಾಗಲ್ಲೇನ್ರಿ?"

"ರಾಯಚೂರಿಂದ ದೇವದುರ್ಗಕ್ಕ ಬಸ್ ಇಲ್ಲೇನ್ರಿ?" ಎಂದು ಅವನು ನನ್ನ ಪಕ್ಕದಲ್ಲಿ ಕುಳಿತು, ಕಂಡಕ್ಟರಿಗೆ ಎರಡು ಬೆರಳು ತೋರಿಸಿದ.